ಶಿರಸಿಗೆ ಹೋಗ್ತೀರಾ? ಓಡಬೇಡಿ, ಎರಡು ರಾತ್ರಿ ಉಳಿಯಿರಿ

ಶಿರಸಿ ಅಂದ ಕೂಡಲೇ ಜನ ಪಟ್ಟಿ ಮಾಡಲು ಕೂರುತ್ತಾರೆ. ಬೆಳಿಗ್ಗೆ ಯಾಣದ ಬಂಡೆಗಳು, ಮಧ್ಯಾಹ್ನ ಉಂಚಳ್ಳಿ ಜಲಪಾತ, ಸಂಜೆ ಸಹಸ್ರಲಿಂಗ, ರಾತ್ರಿ ವಾಪಸ್ ಬಸ್ಸು. ಮೊದಲ ಸಲ ನಾನೂ ಹಾಗೇ ಮಾಡಿದ್ದೆ, ನೆನಪಲ್ಲಿ ಉಳಿದದ್ದು ಕಾರಿನ ಸೀಟು ಮಾತ್ರ. ದಿನಕ್ಕೆ ಒಂದೇ ಜಾಗ ಇಟ್ಟುಕೊಳ್ಳಿ, ಉಳಿದ ಹೊತ್ತು ಪೇಟೆಯಲ್ಲಿ ಸುಮ್ನೆ ತಿರುಗಿ.

ಯಾವಾಗ ಹೋಗಬೇಕು ಅನ್ನೋದೇ ಸ್ವಲ್ಪ ಪೇಚಾಟ. ಉಂಚಳ್ಳಿಯಲ್ಲಿ ಅಘನಾಶಿನಿ ಹೊಳೆ 116 ಮೀಟರ್ ಮೇಲಿಂದ ಮೈತುಂಬಿ ಧುಮುಕುವುದನ್ನು ನೋಡಬೇಕಾದರೆ ಅಕ್ಟೋಬರ್ ಒಳ್ಳೆಯದು. ಸಹಸ್ರಲಿಂಗದಲ್ಲಿ ಶಾಲ್ಮಲೆಯ ಬಂಡೆಗಳ ಮೇಲೆ ಕೆತ್ತಿದ ಲಿಂಗಗಳು ಕಾಣಬೇಕಾದರೆ ಹೊಳೆ ಇಳಿದಿರಬೇಕು. ನನ್ನನ್ನು ಕೇಳಿದರೆ ಡಿಸೆಂಬರ್. ಜಲಪಾತ ಕೊಂಚ ಸೊರಗಿರುತ್ತದೆ, ನಿಜ, ಆದರೆ ಅಡಿಕೆ ಕೊಯ್ಲು ನಡೆದಿರುತ್ತದೆ, ಹಳ್ಳಿಗಳ ಅಂಗಳದಲ್ಲಿ, ಅಟ್ಟದ ಮೇಲೆ, ಎಲ್ಲಿ ನೋಡಿದರೂ ಅಡಿಕೆ. ಹಸಿ ಅಡಿಕೆ ಸುಲಿದು ಬೇಯಿಸಿ ಒಣಗಿಸಿದರೆ ಕೆಂಪಡಿಕೆ, ಹಣ್ಣಡಿಕೆಯನ್ನು ಸಿಪ್ಪೆ ಸಮೇತ ಒಣಗಿಸಿ ಆಮೇಲೆ ಸುಲಿದರೆ ಚಾಲಿ. ಇಷ್ಟು ತಿಳಿದಿದ್ದರೆ ಯಾರ ಜೊತೆ ಬೇಕಾದರೂ ಅರ್ಧ ಗಂಟೆ ಮಾತಾಡಬಹುದು!

ಮಳೆಗಾಲದಲ್ಲೇ ಬರ್ತೀನಿ ಅನ್ನುವವರು ಉಪ್ಪಿನ ಪೊಟ್ಟಣ ಇಟ್ಟುಕೊಳ್ಳಿ. ಉಂಬಳ, ಅಂದರೆ ಜಿಗಣೆ, ಕಾಲಿಗೆ ಹತ್ತಿದ್ದು ಗೊತ್ತೇ ಆಗುವುದಿಲ್ಲ. ಉಪ್ಪು ಹಾಕಿದರೆ ತಾನೇ ಉದುರುತ್ತದೆ.

ಊರಿಗೆ ರೈಲಿಲ್ಲ. ಬೆಂಗಳೂರಿಂದ ರಾತ್ರಿ ಬಸ್ಸೇ ಸಲೀಸು, ರೈಲೇ ಬೇಕೆಂದರೆ ತಾಳಗುಪ್ಪದಲ್ಲೋ ಹಾವೇರಿಯಲ್ಲೋ ಇಳಿದು ಬಸ್ಸು ಹಿಡಿಯಿರಿ. ಬನವಾಸಿಗೂ ಬಸ್ಸು ಸಾಕು. ಯಾಣ, ಉಂಚಳ್ಳಿಗೆ ಗಾಡಿ ಮಾಡಿಕೊಳ್ಳಿ, ಮತ್ತೆ ಮೊಬೈಲ್ ಮ್ಯಾಪನ್ನು ಪೂರ್ತಿ ನಂಬಬೇಡಿ. ನಮ್ಮನ್ನು ಅದು ಒಬ್ಬರ ಅಡಿಕೆ ತೋಟದ ಬುಡಕ್ಕೇ ತಂದು ನಿಲ್ಲಿಸಿತ್ತು. ಕಾರು ತಿರುಗಿಸಲೂ ಜಾಗವಿಲ್ಲ. ಮನೆಯ ಹಿರಿಯರು ಹೊರಗೆ ಬಂದು ದಾರಿ ಹೇಳುವ ಮೊದಲೇ "ಆಸ್ರಿಗೆ ಎಂತ ಬೇಕು?" ಅಂದರು. ಕುಡಿಯೋಕೆ ಏನು ಕೊಡಲಿ ಅಂತ. ಬೇಡ ಅನ್ನಬೇಡಿ, ಮಜ್ಜಿಗೆ ಬರುತ್ತದೆ.

ಪೇಟೆಯಲ್ಲಿ ಬೆಳಿಗ್ಗೆ ಮಾರಿಕಾಂಬಾ ದೇವಸ್ಥಾನಕ್ಕೆ ಹೋಗಿ, ಕೈ ಮುಗಿದು ಹೊರಟುಬಿಡಬೇಡಿ, ಗೋಡೆ ಮೇಲಿನ ಕೆಂಪು ಬಿಳಿ ಕಾವಿ ಚಿತ್ರಗಳನ್ನು ನಿಧಾನಕ್ಕೆ ನೋಡಿ. ಜಾತ್ರೆ ಎರಡು ವರ್ಷಕ್ಕೊಮ್ಮೆ. ಆಗ ಬರುವುದಾದರೆ ರೂಮು ಬಹಳ ಮೊದಲೇ ಹಿಡಿಯಿರಿ. ಜಾತ್ರೆ ಇಲ್ಲದ ವರ್ಷ ಹೋಳಿ ಹಬ್ಬಕ್ಕೆ ಬೇಡರ ವೇಷ ಇರುತ್ತದೆ, ರಾತ್ರಿಯಿಡೀ ಬೀದಿಯಲ್ಲಿ ಕುಣಿತ.

ತಿನ್ನೋದಕ್ಕೆ ತೊಡೆದೇವು ಅನ್ನುವ ಸಿಹಿ ಹುಡುಕಿ. ಅದನ್ನು ಮಾಡುವುದು ನೋಡಲು ಸಿಕ್ಕರೆ ಇನ್ನೂ ಭಾಗ್ಯ. ಒಲೆ ಮೇಲೆ ಮಡಕೆ ಬೋರಲು ಹಾಕಿರುತ್ತಾರೆ. ಕೋಲಿಗೆ ಕಟ್ಟಿದ ಬಟ್ಟೆಯನ್ನು ಅಕ್ಕಿ ಹಿಟ್ಟು, ಕಬ್ಬಿನ ಹಾಲು ಕಲಸಿದ ತೆಳು ಹಿಟ್ಟಲ್ಲಿ ಅದ್ದಿ ಒಂದೇ ಬೀಸಿಗೆ ಮಡಕೆ ಮೇಲೆ ತೊಡೆಯುತ್ತಾರೆ. ಚುಂಯ್ ಅನ್ನುವಷ್ಟರಲ್ಲಿ ಕಾಗದದಂಥ ಹಾಳೆ ಎದ್ದು ಬರುತ್ತದೆ, ಬಿಸಿ ಇರುವಾಗಲೇ ಮಡಚಬೇಕು, ತಣಿದರೆ ಪುಡಿ. ತುಪ್ಪ ಇಲ್ಲದೆ ತಿನ್ನಬೇಡಿ.

ಹೊರಡುವಾಗ ಅಪ್ಪೆಮಿಡಿ ಮಾವಿನ ಉಪ್ಪಿನಕಾಯಿ ಕೊಳ್ಳುವುದು ಇದ್ದೇ ಇದೆ ಅಲ್ವಾ? ಡಬ್ಬಿಗೆ ಎರಡು ಕವರ್ ಜಾಸ್ತಿ ಹಾಕಿಸಿ, ಬಟ್ಟೆ ಬ್ಯಾಗಲ್ಲಿ ಇಡಬೇಡಿ. ನನ್ನದೊಂದು ಬಿಳಿ ಅಂಗಿ ಆವತ್ತಿಂದ ಮನೆ ಒರೆಸುವುದಕ್ಕೇ ಆಗಿದೆ.