ಕುರಿಯ ಮೂಗಿನ ಪೊರೆಯಲ್ಲಿ ಔಷಧಿ ಹಾಯುವುದನ್ನು ಅಳೆದದ್ದು: ನನ್ನ ಅನುಭವ

ಮೂಗಿಗೆ ಸಿಂಪಡಿಸುವ ಔಷಧಿ ರಕ್ತಕ್ಕೆ ಸೇರಬೇಕಾದರೆ ಒಳಗಿನ ಲೋಳೆಪೊರೆಯನ್ನು ದಾಟಬೇಕು. ಎಷ್ಟು ದಾಟುತ್ತದೆ, ಎಷ್ಟು ಬೇಗ ಎಂದು ನೋಡಲು ನಾನು ಕುರಿಯ ಮೂಗನ್ನು ಆರಿಸಿಕೊಂಡೆ. ಮಾಂಸಕ್ಕಾಗಿ ಕಡಿದ ಕುರಿಯ ತಲೆ ಕಸಾಯಿಖಾನೆಯಲ್ಲೇ ಸಿಗುತ್ತದೆ. ಪ್ರಯೋಗಕ್ಕೆಂದೇ ಒಂದು ಜೀವ ತೆಗೆಯಬೇಕಿಲ್ಲ. ಇದು ನನಗೆ ದೊಡ್ಡ ಸಮಾಧಾನ.

ಈ ಕೆಲಸದಲ್ಲಿ ಔಷಧಿಗಿಂತ ಮೊದಲು ಪೊರೆಯನ್ನೇ ಪರೀಕ್ಷಿಸಬೇಕು ಅನ್ನುವುದು ನನ್ನ ಗಟ್ಟಿ ನಂಬಿಕೆ. ಕುರಿ ಸತ್ತ ಮೇಲೂ ಪೊರೆಯ ಕೋಶಗಳು ಸ್ವಲ್ಪ ಹೊತ್ತು ಬದುಕಿರುತ್ತವೆ. ಹಾಗಾಗಿ ಬೇಗ ಬಿಡಿಸಿ, ತಣ್ಣಗಿನ ಕ್ರೆಬ್ಸ್-ರಿಂಗರ್ ದ್ರಾವಣದಲ್ಲಿ (ಕೋಶಗಳನ್ನು ಬದುಕಿಸಿಡುವ ಲವಣದ ನೀರು) ಇಟ್ಟು, ಆಮ್ಲಜನಕ ಹಾಯಿಸುತ್ತಾ ತಂದೆ. ಫ್ರೀಜರ್‌ನಲ್ಲಿಟ್ಟ ಪೊರೆಯನ್ನು ನಾನು ಬಳಸುವುದಿಲ್ಲ. ಹೆಪ್ಪುಗಟ್ಟಿದರೆ ಕೋಶಗಳು ಒಡೆಯುತ್ತವೆ.

ಮೂಗನ್ನು ಉದ್ದಕ್ಕೆ ಸೀಳಿದರೆ ನಡುವಿನ ಗೋಡೆ ಕಾಣುತ್ತದೆ. ಅದರ ಮೃದ್ವಸ್ಥಿಯಿಂದ ಪೊರೆಯನ್ನು ಚಿಮುಟದಲ್ಲಿ ಮೆಲ್ಲಗೆ ಸುಲಿದೆ. ಇಲ್ಲಿ ಅವಸರ ಬೇಡ. ಕಣ್ಣಿಗೆ ಕಾಣದ ಸಣ್ಣ ತೂತಿದ್ದರೂ ಔಷಧಿ ಸುಮ್ನೆ ಅಲ್ಲಿಂದಲೇ ಸೋರಿಹೋಗುತ್ತದೆ. ಎಲ್ಲ ತುಂಡುಗಳನ್ನೂ ಒಂದೇ ಭಾಗದಿಂದ ತೆಗೆದೆ, ಏಕೆಂದರೆ ಜಾಗ ಬದಲಾದರೆ ದಪ್ಪವೂ ಬದಲಾಗುತ್ತದೆ.

ಆಮೇಲೆ ಫ್ರಾಂಜ್ ಸೆಲ್, ಅಂದರೆ ನಡುವೆ ಪೊರೆ ಕೂರಿಸುವ ಎರಡು ಕೋಣೆಯ ಗಾಜಿನ ಪಾತ್ರೆ. ಮೇಲಿನ ಕೋಣೆಯಲ್ಲಿ ಔಷಧಿ, ಕೆಳಗಿನದರಲ್ಲಿ ಪಿಎಚ್ 7.4ರ ಬಫರ್ (ಆಮ್ಲೀಯತೆ ಬದಲಾಗದಂತೆ ಹಿಡಿದಿಡುವ ದ್ರಾವಣ), ನಡುವೆ ಲೋಳೆಯ ಬದಿ ಮೇಲಾಗಿ ಪೊರೆ. ಬಿಸಿ 37 ಡಿಗ್ರಿ ಅಲ್ಲ, ಸುಮಾರು 34. ಉಸಿರಿನ ಗಾಳಿ ಓಡಾಡುವ ಮೂಗು ದೇಹದ ಒಳಭಾಗಕ್ಕಿಂತ ತಂಪು ಅಲ್ವಾ? ಪೊರೆಯ ಕೆಳಗೆ ಗಾಳಿಗುಳ್ಳೆ ಕೂತರೆ ಅಷ್ಟು ಜಾಗದಲ್ಲಿ ಔಷಧಿ ಇಳಿಯುವುದಿಲ್ಲ. ಸೆಲ್ಲನ್ನು ಓರೆ ಮಾಡಿ ಗುಳ್ಳೆ ಹೊರಡಿಸಬೇಕು. ಪ್ರತಿ ಸಲ ಕೆಳಗಿನ ಕೋಣೆಯಿಂದ ಮಾದರಿ ತೆಗೆದಾಗ ಅಷ್ಟೇ ಬೆಚ್ಚಗಿನ ಬಫರ್ ಸುರಿದು, ಹೊರಗೆ ತೆಗೆದ ಔಷಧಿಯನ್ನೂ ಲೆಕ್ಕಕ್ಕೆ ಸೇರಿಸಿದೆ.

ಔಷಧಿ ಹಾಕದ ಒಂದು ಸೆಲ್ ಜೊತೆಯಲ್ಲೇ ನಡೆಯಬೇಕು. ಪೊರೆಯಿಂದ ಪ್ರೋಟೀನ್ ಬಿಟ್ಟುಕೊಳ್ಳುತ್ತದೆ, ಔಷಧಿಯಂತೆ ಅದೂ ಯುವಿ ಬೆಳಕನ್ನು ಹೀರುತ್ತದೆ. ಅದಕ್ಕೇ ನಾನು ಎಚ್‌ಪಿಎಲ್‌ಸಿಯಲ್ಲಿ (ಮಿಶ್ರಣದ ವಸ್ತುಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ) ಅಳೆದೆ. ಕೊನೆಗೆ ಪೊರೆಯನ್ನೇ ಅರೆದು, ಒಳಗೆ ಉಳಿದ ಔಷಧಿಯನ್ನೂ ನೋಡಿದೆ.

ಪ್ರಯೋಗಕ್ಕೆ ಮೊದಲೂ ಆಮೇಲೂ ಪೊರೆಯ ವಿದ್ಯುತ್ ತಡೆಯನ್ನು ಅಳೆದೆ; ಪೊರೆ ಹರಿದರೆ ಈ ತಡೆ ಇಳಿಯುತ್ತದೆ. ಔಷಧಿ ಸುಲಭವಾಗಿ ದಾಟಲೆಂದು ಪಿತ್ತದ ಲವಣ ಸೇರಿಸಿದಾಗ ಔಷಧಿ ಜಾಸ್ತಿ ದಾಟಿತು, ಆದರೆ ತಡೆ ಕುಸಿಯಿತು. ಸೂಕ್ಷ್ಮದರ್ಶಕದಲ್ಲಿ ಮೇಲ್ಪದರ ಅಲ್ಲಲ್ಲಿ ಕಿತ್ತುಹೋಗಿತ್ತು. ಅದು ಔಷಧಿಯ ಗೆಲುವಲ್ಲ, ಪೊರೆಯ ಗಾಯ. ತಡೆಯ ಅಂಕಿ ಇಲ್ಲದ ಫಲಿತಾಂಶವನ್ನು ನಾನು ನಂಬುವುದಿಲ್ಲ.

ಬದುಕಿರುವ ಮೂಗಿನಲ್ಲಿ ಲೋಳೆ ಸುಮಾರು 15–20 ನಿಮಿಷದಲ್ಲಿ ಔಷಧಿಯನ್ನು ಗಂಟಲಿಗೆ ತಳ್ಳುತ್ತದೆ. ಸೆಲ್ಲಿನಲ್ಲಿ ಅದು ಗಂಟೆಗಟ್ಟಲೆ ಅಲ್ಲೇ ನಿಲ್ಲುತ್ತದೆ, ರಕ್ತದ ಹರಿವೂ ಇಲ್ಲ. ಆದ್ದರಿಂದ ಈ ಅಂಕಿಗಳಿಂದ ಡೋಸ್ ನಿರ್ಧರಿಸಲಾಗದು. ಎರಡು ಮಿಶ್ರಣಗಳಲ್ಲಿ ಯಾವುದು ವಾಸಿ ಎಂದು ಹೋಲಿಸಲು ಮಾತ್ರ ಇದು ಬಹಳ ಒಳ್ಳೆಯದು. ಹೋಲಿಸುವಾಗ ಒಂದೇ ಕುರಿಯ ಎಡಬದಿಗೆ ಒಂದು, ಬಲಬದಿಗೆ ಇನ್ನೊಂದು ಹಾಕಿ. ಮತ್ತೆ ಮಾಡುವಾಗ ಬೇರೆ ಕುರಿ ತನ್ನಿ. ಒಂದೇ ಮೂಗಿನ ಹಲವು ತುಂಡುಗಳನ್ನು ಹಲವು ಪ್ರಯೋಗ ಎಂದು ಎಣಿಸಬೇಡಿ.