ಕ್ರಾಂತಿಯ ಗೆರಿಲ್ಲಾಗಳು ಎಷ್ಟು ಜನ? ಅಂದಾಜು ಹಾಕುವುದು ಹೀಗೆ

ಬೆಂಗಳೂರಿನ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಕ್ಯೂಬಾ ಕ್ರಾಂತಿಯ ಪಾಠ ಬಂದರೆ ಯಾರಾದರೂ ಕೇಳೇ ಕೇಳುತ್ತಾರೆ: "ಕ್ಯಾಸ್ಟ್ರೋ ಹತ್ರ ಎಷ್ಟು ಜನ ಇದ್ರು ಮೇಡಂ?" ನಾನು ತಿರುಗಿ ಕೇಳುವುದು ಒಂದೇ: ಯಾವ ತಿಂಗಳಲ್ಲಿ?

ತಾರೀಕು ಇಲ್ಲದ ಸಂಖ್ಯೆಯನ್ನು ನೋಟ್ಸ್‌ಗೆ ಇಳಿಸಲೇಬೇಡಿ. 1956ರ ಡಿಸೆಂಬರ್ 2ರಂದು ಕ್ರಾಂತಿಯ ನಾಯಕ ಕ್ಯಾಸ್ಟ್ರೋ ಸೇರಿ ಗ್ರಾನ್ಮಾ ದೋಣಿಯಿಂದ ಕ್ಯೂಬಾದ ದಡಕ್ಕೆ ಇಳಿದವರು 82 ಮಂದಿ. ಮೂರು ದಿನ ಕಳೆಯುವಷ್ಟರಲ್ಲಿ ದೇಶ ಆಳುತ್ತಿದ್ದ ಸರ್ವಾಧಿಕಾರಿ ಬಟಿಸ್ಟಾನ ಸೈನ್ಯ ಮೇಲೆ ಬಿತ್ತು. ಸಿಯೆರಾ ಮೇಸ್ತ್ರ ಬೆಟ್ಟಗಳಲ್ಲಿ ಮತ್ತೆ ಒಟ್ಟುಗೂಡಿದವರು ಇಪ್ಪತ್ತರ ಆಸುಪಾಸು. ಉಳಿದವರು ಹನ್ನೆರಡೇ ಜನ ಅನ್ನುವ ಕತೆ ಕೇಳೋಕೆ ಚೆನ್ನ, ಅಷ್ಟೇ.

ಆಮೇಲೆ ಸಂಖ್ಯೆ ಹೇಳಿದವರು ಯಾರು, ಅದರಿಂದ ಅವರಿಗೇನು ಲಾಭ ಅಂತ ನೋಡಿ. ಫ್ರೀಡಂ ಪಾರ್ಕಿನ ಧರಣಿಗೆ ಸಂಘಟಕರ ಲೆಕ್ಕ ಬೇರೆ, ಪೊಲೀಸರ ಲೆಕ್ಕ ಬೇರೆ ಅಲ್ವಾ? 1957ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್‌ನ ವರದಿಗಾರ ಹರ್ಬರ್ಟ್ ಮ್ಯಾಥ್ಯೂಸ್ ಕ್ಯಾಸ್ಟ್ರೋನನ್ನು ಕಾಣಲು ಬೆಟ್ಟ ಹತ್ತಿ ಬಂದಾಗ, ಮಾತಿನ ಮಧ್ಯೆ ಒಬ್ಬ ಓಡಿಬಂದು ಎರಡನೇ ತುಕಡಿಯಿಂದ ಸುದ್ದಿ ಬಂದಿದೆ ಅಂದ. ಅಂಥ ತುಕಡಿಯೇ ಇರಲಿಲ್ಲ! ಆಗ ಜೊತೆಗಿದ್ದದ್ದು 18 ಜನ ಎಂದು ಕ್ಯಾಸ್ಟ್ರೋ ಗೆದ್ದ ಮೇಲೆ ಹೇಳಿದ. ಬಟಿಸ್ಟಾ ಸರ್ಕಾರವೋ, ಆ ಭೇಟಿ ನಡೆದೇ ಇಲ್ಲ ಎನ್ನುತ್ತಿತ್ತು. ಒಬ್ಬರಿಗೆ ಜಾಸ್ತಿ ತೋರಿಸಬೇಕು, ಇನ್ನೊಬ್ಬರಿಗೆ ಇಲ್ಲವೇ ಇಲ್ಲ ಅನ್ನಬೇಕು.

ನನಗೆ ಜಾಸ್ತಿ ನಂಬಿಕೆ ಬಂದೂಕಿನ ಲೆಕ್ಕದ ಮೇಲೆ. ಮಾತಲ್ಲಿ ಜನರನ್ನು ಎಷ್ಟು ಬೇಕಾದರೂ ಹೆಚ್ಚಿಸಬಹುದು, ಇಲ್ಲದ ಬಂದೂಕಿನಿಂದ ಗುಂಡು ಹಾರಿಸಲಾಗದು. 1957ರ ಜನವರಿಯಲ್ಲಿ ಲಾ ಪ್ಲಾಟಾ ಠಾಣೆಯ ಮೇಲೆ ಬಿದ್ದಾಗ ಇದ್ದ ಆಯುಧ 22 ಎಂದು ಕ್ಯಾಸ್ಟ್ರೋ ಜೊತೆಗಿದ್ದ ಚೆ ಗೆವಾರ ಬರೆದಿದ್ದಾನೆ. ಬರೀ ಇಪ್ಪತ್ತೆರಡು! ಗುಂಪು ಎಷ್ಟು ಸಣ್ಣದಿತ್ತು ಅನ್ನುವುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕೇ? ಅದೇ ವರ್ಷ ಮಾರ್ಚ್‌ನಲ್ಲಿ ಸಾಂಟಿಯಾಗೋ ನಗರದಿಂದ ಸುಮಾರು 50 ಜನ ಬಂದು ಸೇರಿದರು. ಎಲ್ಲರ ಕೈಯಲ್ಲೂ ಬಂದೂಕು ಇರಲಿಲ್ಲ. ಹಾಗಾಗಿ ಒಂದು ಹಾಳೆ ತಗೊಂಡು ನಾಲ್ಕು ಕಾಲಂ ಎಳೆಯಿರಿ: ತಾರೀಕು, ಜಾಗ, ಹೇಳಿದವರು, ಎಣಿಸಿದ್ದು ಆಳನ್ನೋ ಬಂದೂಕನ್ನೋ. ನಾಲ್ಕನೆಯದು ಖಾಲಿ ಉಳಿದರೆ ಆ ಸಾಲಿಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿ.

ಅನ್ನ ಹಾಕಿದ ರೈತರು, ಊರೊಳಗೆ ಹಣ, ಔಷಧಿ, ಸುದ್ದಿ ಸಾಗಿಸಿದ ಗಂಡಸರು, ಹೆಂಗಸರು ಇನ್ನೊಂದು ಹಾಳೆಗೆ ಹೋಗಲಿ. ಅವರಿಲ್ಲದೆ ಬೆಟ್ಟದವರು ಬದುಕುತ್ತಿರಲಿಲ್ಲ. ಅವರನ್ನು ಬಿಟ್ಟುಬಿಡುವುದು ಅನ್ಯಾಯ, ಹೋರಾಡಿದ ಗೆರಿಲ್ಲಾಗಳ ಜೊತೆ ಕೂಡಿಸುವುದು ತಪ್ಪು ಲೆಕ್ಕ.

ಕೊನೆಯ ವಾರಗಳಲ್ಲಿ ಇನ್ನೂ ಎಚ್ಚರ ಬೇಕು. 1958ರ ಬೇಸಿಗೆಯಲ್ಲಿ ಬಟಿಸ್ಟಾನ ಸುಮಾರು 10,000 ಸೈನಿಕರು ಬೆಟ್ಟಕ್ಕೆ ನುಗ್ಗಿದಾಗ ಎದುರು ನಿಂತವರು ಬರೀ 300ರಷ್ಟು. 1959ರ ಜನವರಿ 1ರಂದು ಬಟಿಸ್ಟಾ ಓಡಿಹೋದ. ಗೆಲ್ಲುವ ಹೊತ್ತಿಗೆ ಸೇರಿದವರನ್ನು ಈ 300ಕ್ಕೆ ಕೂಡಿಸಿ ಒಂದೇ ಸಂಖ್ಯೆ ಮಾಡಬೇಡಿ. ಉತ್ತರದಲ್ಲಿ ಎರಡು ಸಾಲು ಬರೆಯಿರಿ: ಬೇಸಿಗೆಯ ಲೆಕ್ಕ ಒಂದು, ಡಿಸೆಂಬರ್ ಕೊನೆಯದು ಒಂದು.