ಕೂಸಿನ ಮೈ ಒರೆಸುವ ಅರಿವೆ, ಮಳೆಗಾಲವನ್ನು ಎದುರಿಗಿಟ್ಟುಕೊಂಡು

ಕೂಸಿಗೆ ಒರೆಸುವ ಅರಿವೆ ಮಾಡಲು ಹೊರಟವರು ಮೊದಲು ಕೇಳುವುದು ಅದನ್ನು ಅದ್ದುವ ನೀರಿಗೆ ಏನು ಬೆರೆಸಬೇಕು ಎಂದು. ಏನೂ ಬೇಡ, ಕುದಿಸಿ ಆರಿಸಿದ ನೀರು ಸಾಕು. ಕಾರವಾರದಿಂದ ಭಟ್ಕಳದವರೆಗೂ, ಘಟ್ಟ ಹತ್ತಿದರೆ ಶಿರಸಿ ಸಿದ್ದಾಪುರದಲ್ಲೂ, ಕೆಲಸ ಕೆಡುವುದು ನೀರಿನಿಂದಲ್ಲ, ಅರಿವೆ ಪೂರ್ತಿ ಒಣಗದೆ ಇರುವುದರಿಂದ. ಬಟ್ಟೆ ಆಯ್ದುಕೊಳ್ಳುವಾಗಲೇ ಆರಿದ್ರಾ ಮಳೆ ನೆನಪಿರಲಿ.

ಹಳೆಯ ನೂಲಿನ ಸೀರೆ, ತೆಳು ಪಂಚೆ, ತೊಳೆದು ತೊಳೆದು ಮೆತ್ತಗಾದ ಬನಿಯನ್, ಇವೇ ಒಳ್ಳೆಯವು. ನೂಲೋ ಅಲ್ಲವೋ ಎಂಬ ಅನುಮಾನವಿದ್ದರೆ ಒಂದು ಹನಿ ನೀರು ಬಿಡಿ. ನೂಲಿನದಾದರೆ ತಟ್ಟನೆ ಹೀರಿಕೊಳ್ಳುತ್ತದೆ, ಪಾಲಿಯೆಸ್ಟರ್ ಬೆರೆತಿದ್ದರೆ ಹನಿ ಮೇಲೆಯೇ ನಿಲ್ಲುತ್ತದೆ. ಎಳೆ ಕಿತ್ತು ಸುಟ್ಟು ನೋಡಿದರೂ ಗೊತ್ತಾಗುತ್ತದೆ: ನೂಲು ಕಾಗದದಂತೆ ಉರಿದು ಬೂದಿಯಾಗುತ್ತದೆ, ಇನ್ನೊಂದು ಕರಗಿ ಗಂಟಾಗುತ್ತದೆ. ಹೊಸ ಬಟ್ಟೆಯೇ ಆದರೆ ಗಂಜಿ ಬಿಡುವವರೆಗೆ ಮೂರು ನಾಲ್ಕು ಸಲ ಬಿಸಿನೀರಲ್ಲಿ ಒಗೆಯಬೇಕು. ನುಸಿಗುಳಿಗೆ ಹಾಕಿದ ಟ್ರಂಕಿನೊಳಗಿನ ಸೀರೆ ಎಷ್ಟೇ ಮೆತ್ತಗಿರಲಿ, ಕೂಸಿಗೆ ಬೇಡವೇ ಬೇಡ. ಆ ಗುಳಿಗೆಯ ನ್ಯಾಫ್ತಲೀನ್ ಬಟ್ಟೆಯಲ್ಲಿ ಉಳಿಯುತ್ತದೆ. ಹುಟ್ಟಿನಿಂದಲೇ ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಕೂಸುಗಳಲ್ಲಿ ಅದು ರಕ್ತದ ಕೆಂಪುಕಣಗಳನ್ನು ಒಡೆದು ಕಾಮಾಲೆ ಏರಿಸಬಲ್ಲದು, ಆ ಕೊರತೆ ಇದೆಯೋ ಇಲ್ಲವೋ ಮುಖ ನೋಡಿ ಹೇಳಲಾಗದು.

ಎರಡು ಪದರ ಸೇರಿಸಿ ಹೊಲಿಯುವುದು ಚಂದ ಕಾಣುತ್ತದೆ, ಆದರೆ ಮಳೆಗಾಲದಲ್ಲಿ ಪದರದ ನಡುವೆ ಪಸೆ ನಿಂತು ವಾಸನೆ ಬರುತ್ತದೆ. ಒಂದೇ ಪದರದ್ದು ಮಾಡಿ, ಅಳತೆ ಮಾತ್ರ ದೊಡ್ಡದಿರಲಿ: 25 ಸೆಂಟಿಮೀಟರ್ ಚೌಕ. ಬಳಸುವಾಗ ಎರಡು ಸಲ ಮಡಚಿದರೆ ನಾಲ್ಕು ಪದರವಾಗುತ್ತದೆ, ಮಗ್ಗುಲು ತಿರುಗಿಸುತ್ತ ಹೋದರೆ ಪ್ರತಿ ಸಲ ಶುದ್ಧ ಮುಖ ಸಿಗುತ್ತದೆ, ಒಣಹಾಕುವಾಗ ಬಿಚ್ಚಿದರೆ ಬೇಗ ಒಣಗುತ್ತದೆ. ಐದೂವರೆ ಮೀಟರ್ ಸೀರೆಯಲ್ಲಿ ಅಂಚು, ಸೆರಗು, ಸವೆದ ಭಾಗ ಬಿಟ್ಟರೂ ಅರವತ್ತರ ಹತ್ತಿರ ಸಿಗುತ್ತವೆ. ಎಳೆಗೂಸಿಗೆ ದಿನಕ್ಕೆ ಇಪ್ಪತ್ತು ಇಪ್ಪತ್ತೈದು ಬೇಕು. ಬೇಸಗೆಯಲ್ಲಿ ನಲವತ್ತು ಇದ್ದರೆ ನಡೆಯುತ್ತದೆ, ಮಳೆಗಾಲಕ್ಕೆ ಅರವತ್ತು ಬೇಕೇ ಬೇಕು. ಬನಿಯನ್ ಬಟ್ಟೆಗೆ ಅಂಚು ಹೊಲಿಯುವ ಅಗತ್ಯವಿಲ್ಲ. ಸೀರೆ, ಪಂಚೆಗೆ ಅಂಚು ಮಡಚಿ ಹೊಲಿದು ಜೋತಾಡುವ ಎಳೆಗಳನ್ನೆಲ್ಲ ಕತ್ತರಿಸಿ. ಬಿಟ್ಟ ಒಂದೇ ಎಳೆ ಕೂಸಿನ ಕಾಲ್ಬೆರಳಿಗೆ ಸುತ್ತಿಕೊಂಡು ಬಿಗಿದರೆ ರಕ್ತ ಓಡಾಟವೇ ನಿಲ್ಲುತ್ತದೆ. ಬಾಯಿ, ಕೈ ಒರೆಸುವ ಅರಿವೆಗೆ ಬೇರೆ ಬಣ್ಣದ ದಾರದ ಅಂಚು ಹಾಕಿಡಿ, ಮನೆಯವರು ಯಾರು ಒರೆಸಿದರೂ ಅದಲುಬದಲಾಗುವುದಿಲ್ಲ.

ಬೆಳಿಗ್ಗೆ ಅರ್ಧ ಲೀಟರ್ ನೀರು ಮರಳುವಂತೆ ಕುದಿಸಿ, ಮುಚ್ಚಿ ಆರಿಸಿ, ಶುದ್ಧ ಫ್ಲಾಸ್ಕಿನಲ್ಲಿಡಿ. ಮರುದಿನಕ್ಕೆ ಹೊಸ ನೀರು. ಅರಿವೆಯನ್ನು ಬೇಕಾದಾಗ ಮಾತ್ರ ಅದ್ದಬೇಕು, ಮೊದಲೇ ನೆನೆಸಿ ಡಬ್ಬಿಯಲ್ಲಿ ಒಟ್ಟಿಟ್ಟರೆ ನಮ್ಮ ಸೆಕೆಗೆ ಒಂದೇ ದಿನದಲ್ಲಿ ಲೋಳೆ ಕಟ್ಟುತ್ತದೆ. ಬೇವಿನೆಲೆ ಕಷಾಯ, ಲೋಳೆಸರದ ರಸ ಬೆರೆಸಿದರೆ ಇನ್ನೂ ಬೇಗ ಕೆಡುತ್ತದೆ. ಲೋಳೆಸರದ ಸಿಪ್ಪೆಯಡಿಯ ಹಳದಿ ಹಾಲು ಚರ್ಮಕ್ಕೆ ಉರಿ ಕೊಡುತ್ತದೆ. ಸುಗಂಧ ತೈಲ, ಅಡುಗೆ ಸೋಡಾ, ಸೀಗೆ ಯಾವುದೂ ಬೇಡ. ಹುಟ್ಟಿದ ಮೊದಲ ದಿನಗಳ ಕಪ್ಪು ಅಂಟು ಮಲ ಬಿಡದಿದ್ದರೆ ಮಾತ್ರ ನಾಲ್ಕು ಹನಿ ಕೊಬ್ಬರಿ ಎಣ್ಣೆಯನ್ನು ಒಣ ಅರಿವೆಗೆ ಹಾಕಿ ಒರೆಸಿ. ಆ ಅರಿವೆಗಳನ್ನು ಬೇರೆಯಾಗಿ ಬಿಸಿನೀರಲ್ಲಿ ಒಗೆಯಬೇಕು, ಇಲ್ಲವಾದರೆ ಎಣ್ಣೆ ಕೂತು ಕಮಟು ಹಿಡಿದು ನೀರೇ ಹೀರುವುದಿಲ್ಲ.

ಒರೆಸುವಾಗ ಉಜ್ಜಬೇಡಿ, ಒತ್ತಿ ತೆಗೆಯಿರಿ. ಹೆಣ್ಣು ಕೂಸಿಗೆ ಮುಂದಿನಿಂದ ಹಿಂದಕ್ಕೆ ಮಾತ್ರ. ಕಣ್ಣಿಗೆ ಮೂಗಿನ ಕಡೆಯಿಂದ ಹೊರಕ್ಕೆ, ಒಂದೊಂದು ಕಣ್ಣಿಗೆ ಒಂದೊಂದು ಅರಿವೆ. ಕೊನೆಗೆ ಒಣ ಅರಿವೆಯಿಂದ ತೊಡೆಸಂದಿ ಒತ್ತಿ, ಪೌಡರ್ ಬೇಡ. ಸಂದಿನಲ್ಲಿ ಕೆಂಪಗಾಗಿ ಸುತ್ತ ಸಣ್ಣ ಚುಕ್ಕೆಗಳೆದ್ದರೆ ಅದು ಬೂಷ್ಟಿನ ಸೋಂಕಿರಬಹುದು, ವೈದ್ಯರಿಗೆ ತೋರಿಸಿ.

ಬಳಸಿದ ಅರಿವೆಯನ್ನು ಮೊದಲು ತಣ್ಣೀರಲ್ಲೇ ಜಾಲಿಸಿ. ನೇರ ಬಿಸಿನೀರಿಗೆ ಹಾಕಿದರೆ ಕಲೆ ನೂಲಿಗೆ ಕಚ್ಚುತ್ತದೆ. ಒಗೆಯಲು ಅಂಟುವಾಳ ಬಹಳ ಒಳ್ಳೆಯದು: ಹತ್ತು ಹನ್ನೆರಡು ಕಾಯಿಯ ಬೀಜ ತೆಗೆದು ಒಂದು ಲೀಟರ್ ನೀರಲ್ಲಿ ರಾತ್ರಿ ನೆನೆಸಿ, ಹದಿನೈದು ನಿಮಿಷ ಕುದಿಸಿ ಸೋಸಿ, ಎರಡು ದಿನದೊಳಗೆ ಮುಗಿಸಿ. ಬೇಸಗೆಯಲ್ಲಿ ಕಡಲಂಚಿನ ಬಾವಿಗಳು ಉಪ್ಪಾಗಿ ಸಾಬೂನಿನ ನೊರೆಯೇ ಬಾರದಿದ್ದರೂ ಇದು ಕೆಲಸ ಮಾಡುತ್ತದೆ, ಅರಿವೆಯಲ್ಲಿ ಸಾಬೂನಿನ ಜಿಡ್ಡು ಕೂತು ಬಿರುಸಾಗುವುದಿಲ್ಲ. ಕಣ್ಣಿಗೆ ಬಿದ್ದರೆ ವಿಪರೀತ ಉರಿ, ಆದ್ದರಿಂದ ಕೂಸಿನ ಮೈಗೆ ಅಲ್ಲ. ನೊರೆ ಪೂರ್ತಿ ಹೋಗುವವರೆಗೆ ಜಾಲಿಸಿ. ಮೆತ್ತಗಾಗಿಸುವ ಕಂಡಿಷನರ್ ಬೇಡ, ಹೀರುವ ಗುಣ ಹೋಗುತ್ತದೆ. ವಾರಕ್ಕೊಮ್ಮೆ, ಭೇದಿಯಿದ್ದರೆ ದಿನವೂ, ಹತ್ತು ನಿಮಿಷ ಕುದಿಸಿ. ಉಳಿದ ಹಳದಿ ಕಲೆಗೆ ಬಿಸಿಲೇ ಮದ್ದು, ಒದ್ದೆಯಾಗಿರುವಾಗಲೇ ಹರಡಿದರೆ ಮಾಯವಾಗುತ್ತದೆ.

ಬಿಸಿಲಿಲ್ಲದ ದಿನಗಳಲ್ಲಿ ಹಿಂಡಿದ ಅರಿವೆಯನ್ನು ಒಣ ಟವೆಲಿನಲ್ಲಿ ಸುತ್ತಿ ಇನ್ನೊಮ್ಮೆ ಒತ್ತಿ, ಆಮೇಲೆ ಒಂದಕ್ಕೊಂದು ತಾಗದಂತೆ ಹರವಿ. ಬಚ್ಚಲ ಹಂಡೆಯ ಒಲೆ ಹತ್ತಿರ ಹಾಕುವುದಾದರೆ ಉರಿ ಆರಿ ಕೆಂಡವಾದ ಮೇಲೆ ಹಾಕಿ. ಹೊಗೆ ಕುಡಿದ ಅರಿವೆ ಕೂಸಿನ ಮೂಗಿಗೂ ಚರ್ಮಕ್ಕೂ ಆಗದು. ಕೆಂಡದ ಮೇಲೆ ಬಿದಿರು ಬುಟ್ಟಿ ಕವುಚಿ ಹರಡುವುದೂ ಸರಿ, ಕಿಡಿಯಿಲ್ಲದಂತೆ ಬೂದಿ ಮುಚ್ಚಿ, ಪಕ್ಕದಿಂದ ಏಳಬೇಡಿ. ಕೊನೆಗೆ ಬಿಸಿ ಇಸ್ತ್ರಿ ಎರಡೂ ಮಗ್ಗುಲಿಗೆ. ಇಸ್ತ್ರಿಯ ಬಿಸಿ ಆರಿದ ಮೇಲೆ ಕೆನ್ನೆಗೆ ಒತ್ತಿ ನೋಡಿ, ತಣ್ಣಗೆ ಅನಿಸಿದರೆ ಪಸೆ ಇನ್ನೂ ಇದೆ. ಕರಿಚುಕ್ಕೆ ಕಂಡ ಅರಿವೆಯನ್ನು ತೊಳೆದು ಉಳಿಸಿಕೊಳ್ಳಲು ಹೋಗದೆ ನೆಲ ಒರೆಸಲು ಹಾಕಿ. ಒಣಗಿದ್ದನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚದೆ ಬಟ್ಟೆಚೀಲದಲ್ಲಿ ಗೋಡೆಯಿಂದ ದೂರ ತೂಗುಹಾಕಿ, ಶಿರಸಿ ಕಡೆಯ ಮಣ್ಣುಗೋಡೆ ಶ್ರಾವಣದವರೆಗೂ ಬೆವರುತ್ತಿರುತ್ತದೆ.

ದೇವಿಮನೆ ಘಟ್ಟ ಇಳಿದು ಕುಮಟೆಗೆ ಹೋಗುವ ಬಸ್ಸಿಗೆ ಹತ್ತು ಒಣ ಅರಿವೆ, ಒಂದು ಸಣ್ಣ ಬಾಟಲಿ ಕುದಿಸಿದ ನೀರು, ಬಳಸಿದ್ದಕ್ಕೊಂದು ನೀರಿಳಿಯದ ಚೀಲ ಸಾಕು. ಮನೆ ಮುಟ್ಟಿದ ಕೂಡಲೇ ಆ ಚೀಲ ಬಿಚ್ಚಿ ಜಾಲಿಸಿಬಿಡಿ, ಬೆಳಗಿನವರೆಗೆ ಬಿಡಬೇಡಿ.